ಬರಿಗಾಲಿನ ಪಾದ್ರಿ: ನಮ್ಮ ಕರಾವಳಿ ಮರೆತ ಜೋಸೆಫ್ ವಾಜ್

ಡಿಸೆಂಬರ್ 3 ಬಂತೆಂದರೆ ಚಂದಾವರದ ಇಗರ್ಜಿಗೆ ಜನ ಹರಿದು ಬರುತ್ತಾರೆ. ಸಂತ ಫ್ರಾನ್ಸಿಸ್ ಜೇವಿಯರ್ ಹಬ್ಬ. ಹೊನ್ನಾವರ, ಕುಮಟಾ, ಭಟ್ಕಳ ಕಡೆಯ ಕ್ರಿಶ್ಚಿಯನ್ನರು ಮಾತ್ರ ಬರುವುದಲ್ಲ, ಹರಕೆ ಹೊತ್ತ ಹಿಂದೂಗಳೂ ಮೇಣದ ಬತ್ತಿ ಹಿಡಿದು ನಿಲ್ಲುತ್ತಾರೆ. ಜೇವಿಯರ್ ಹೆಸರು ಗೊತ್ತಿಲ್ಲದವರು ಈ ಸೀಮೆಯಲ್ಲಿ ಯಾರಿದ್ದಾರೆ? ಆದರೆ ಜೇವಿಯರರ ನಂತರ ನೂರಕ್ಕೂ ಹೆಚ್ಚು ವರ್ಷ ಕಳೆದ ಮೇಲೆ ಇದೇ ಕರಾವಳಿಗೆ ಬಂದು, ಮೂರು ವರ್ಷ ಬರಿಗಾಲಲ್ಲಿ ಓಡಾಡಿ, ಕೆಟ್ಟುಹೋಗಿದ್ದ ಒಂದು ಸಮಾಜವನ್ನು ಕಟ್ಟಿ ನಿಲ್ಲಿಸಿದ ಇನ್ನೊಬ್ಬ ಪಾದ್ರಿಯ ಹೆಸರು ಕೇಳಿ ನೋಡಿ. ಹತ್ತರಲ್ಲಿ ಒಂಬತ್ತು ಜನ ತಲೆ ಕೆರೆದುಕೊಳ್ಳುತ್ತಾರೆ.

ಅವರ ಹೆಸರು ಜೋಸೆಫ್ ವಾಜ್. 2015ರ ಜನವರಿ 14ರಂದು ಕೊಲಂಬೋದಲ್ಲಿ ಪೋಪ್ ಫ್ರಾನ್ಸಿಸ್ ಅವರನ್ನು ಸಂತರೆಂದು ಘೋಷಿಸಿದರು. ಶ್ರೀಲಂಕಾದವರು ತಮ್ಮ ನಾಡಿನ ಮೊದಲ ಸಂತನೆಂದು ಹೆಮ್ಮೆಪಟ್ಟರು. ಗೋವೆಯವರು ತಮ್ಮ ಮಗನೆಂದು ಹಬ್ಬ ಮಾಡಿದರು. ನಾವು? ಲಂಕೆಗೆ ಹೋಗುವ ಮೊದಲು ಆ ಮನುಷ್ಯ ಪಾಠ ಕಲಿತ ಶಾಲೆ ನಮ್ಮ ಈ ಕೆನರಾ ಕರಾವಳಿ ಎಂಬುದು ನಮಗೇ ನೆನಪಾಗಲಿಲ್ಲ.

ಕ್ರೈಸ್ತ ಜೀವನದೃಷ್ಟಿ, ಕ್ರೈಸ್ತ ಬಾಳ್ವೆ ಎಂದು ದೊಡ್ಡ ದೊಡ್ಡ ಭಾಷಣಗಳು ನಡೆಯುತ್ತವೆ. ಹಾಗಂದ್ರೆ ಏನು ಸ್ವಾಮೀ? ಭಾನುವಾರ ಪೂಜೆಗೆ ಹೋಗುವುದೇ? ಮನೆ ಮುಂದೆ ಶಿಲುಬೆ ನೆಡುವುದೇ? ನಂಬಿಕೆ ಇರುವುದು ಬೇರೆ, ನಂಬಿಕೆಯಂತೆ ಇರುವುದು ಬೇರೆ. ಇದು ಎಲ್ಲ ಮತದವರಿಗೂ ಇರುವ ತೊಡಕು. ಅದನ್ನು ಬಿಡಿಸಿ ತೋರಿಸಿದ ಒಂದು ಬಾಳು ಇಲ್ಲಿದೆ. ಕ್ರಿಶ್ಚಿಯನ್ನರಲ್ಲದವರೂ ಓದಬಹುದು, ಏನೂ ಕಳಕೊಳ್ಳುವುದಿಲ್ಲ.

ಗೋವೆಯ ಹುಡುಗ

ಜೋಸೆಫ್ ವಾಜ್ ಹುಟ್ಟಿದ್ದು 1651ರ ಏಪ್ರಿಲ್ 21ರಂದು, ಗೋವೆಯ ಸಾಲಸೆಟ್ಟಿಯ ಬೆನಾವ್ಲಿಯಲ್ಲಿ. ಅದು ತಾಯಿಯ ಊರು. ತಂದೆಯ ಊರು ಸಾಂಕವಾಳ. ತಂದೆ ಕ್ರಿಸ್ತೋವಾವ್ ವಾಜ್, ತಾಯಿ ಮರಿಯಾ ದ ಮಿರಾಂದಾ. ಕೊಂಕಣಿ ಮನೆಮಾತಿನ ಕುಟುಂಬ, ಹಿಂದೆ ಬ್ರಾಹ್ಮಣರಾಗಿದ್ದು ಮತಾಂತರವಾದವರು. ಆರು ಮಕ್ಕಳಲ್ಲಿ ಇವರು ಮೂರನೆಯವರು. ಸಾಂಕವಾಳದಲ್ಲಿ ಪೋರ್ಚುಗೀಸ್, ಬೆನಾವ್ಲಿಯಲ್ಲಿ ಲ್ಯಾಟಿನ್ ಕಲಿತರು. ಮುಂದೆ ಗೋವಾ ಪಟ್ಟಣದಲ್ಲಿ ಜೆಸ್ವಿತರ ಸಂತ ಪಾಲರ ಕಾಲೇಜು, ಆಮೇಲೆ ದೊಮಿನಿಕನರ ವಿದ್ಯಾಲಯ. 1676ರಲ್ಲಿ ಪಾದ್ರಿ ದೀಕ್ಷೆ ಆಯಿತು.

ಆಗಿನ ಗೋವೆ ಅಂದ್ರೆ ಏನಂತ ತಿಳಿದಿರಿ? ಪೋರ್ಚುಗೀಸರ ದರ್ಬಾರು. ಇಗರ್ಜಿಗಳ ಮೇಲೆ ಇಗರ್ಜಿ, ಅರಮನೆಗಳಂಥ ಮಠಗಳು. 1560ರಿಂದ ಇನ್‌ಕ್ವಿಜಿಶನ್ ಎಂಬ ಮತ ವಿಚಾರಣೆಯ ಕೋರ್ಟು ಬೇರೆ. ಮೂಲನಿವಾಸಿ ಪಾದ್ರಿಗಳಿಗೆ ಯುರೋಪಿನ ಸನ್ಯಾಸಿ ಸಂಘಗಳ ಬಾಗಿಲು ಸಾಮಾನ್ಯವಾಗಿ ಮುಚ್ಚಿರುತ್ತಿತ್ತು. ಕಪ್ಪು ಚರ್ಮದವನು ಎಷ್ಟೇ ಓದಿದರೂ ಎರಡನೇ ದರ್ಜೆ. ಪೇಟೆಯಲ್ಲಿ ಗುಲಾಮರ ಮಾರಾಟ ನಡೆಯುತ್ತಿತ್ತು. ಹೆಸರಿಗೆ ಎಲ್ಲರೂ ಕ್ರಿಶ್ಚಿಯನ್ನರೇ.

ಆ ಊರಲ್ಲಿ ಹೊಸದಾಗಿ ದೀಕ್ಷೆ ಪಡೆದ ಇಪ್ಪತ್ತೈದು ವರ್ಷದ ಯುವಕ ಮಾಡಿದ ಮೊದಲ ಕೆಲಸ ಚಪ್ಪಲಿ ಬಿಟ್ಟಿದ್ದು. ಬಡವರು ನಡೆಯುವ ಹಾಗೆ ಬರಿಗಾಲಲ್ಲಿ ನಡೆಯಲು ಸುರು ಮಾಡಿದರು. ಒಳ್ಳೆಯ ಪ್ರವಚನಕಾರ ಎಂದು ಹೆಸರು ಬಂತು. ಸಾಂಕವಾಳದಲ್ಲಿ ಲ್ಯಾಟಿನ್ ಶಾಲೆ ತೆರೆದು ಹುಡುಗರಿಗೆ ಕಲಿಸಿದರು. 1677ರ ಆಗಸ್ಟ್ 5ರಂದು ಒಂದು ಪತ್ರ ಬರೆದು, ತಾನು ಮೇರಿಮಾತೆಯ ಗುಲಾಮ ಎಂದು ತನ್ನನ್ನೇ ಬರೆದುಕೊಟ್ಟರು. ಮನುಷ್ಯನನ್ನು ಮನುಷ್ಯ ಕೊಂಡುಕೊಳ್ಳುವ ಊರಿನಲ್ಲಿ ಪಾದ್ರಿಯೊಬ್ಬ ತನ್ನ ಹೆಸರನ್ನು ತಾನೇ ಗುಲಾಮರ ಪಟ್ಟಿಗೆ ಸೇರಿಸಿಕೊಂಡ. ಇದನ್ನು ಭಕ್ತಿಯೆನ್ನಿ, ಹುಚ್ಚೆನ್ನಿ, ನಿಮ್ಮ ಇಷ್ಟ. ಮುಂದಿನ ಮೂವತ್ತನಾಲ್ಕು ವರ್ಷ ಆ ಪತ್ರದ ಪ್ರಕಾರವೇ ಬದುಕಿದರು ಎಂಬುದು ಮಾತ್ರ ಖರೆ.

ನಮ್ಮ ಸೀಮೆಯ ಸ್ಥಿತಿ

ಈಗ ನಮ್ಮ ಕಡೆ ಬರೋಣ. ಪೋರ್ಚುಗೀಸರ ನೆನಪು ಈ ಕರಾವಳಿಗೆ ಸಿಹಿಯಾದದ್ದೇನೂ ಅಲ್ಲ. 1542ರಲ್ಲಿ ಭಟ್ಕಳವನ್ನು ಸುಟ್ಟವರು ಅವರು. 1569ರ ಹೊತ್ತಿಗೆ ಹೊನ್ನಾವರದ ಕೋಟೆ ಹಿಡಿದರು. ಕರಿಮೆಣಸಿಗಾಗಿ, ಅಕ್ಕಿಗಾಗಿ ಬಂದೂಕು ಹಿಡಿದೇ ವ್ಯಾಪಾರ. ಶಿಲುಬೆ ಮತ್ತು ಫಿರಂಗಿ ಒಂದೇ ಹಡಗಿನಲ್ಲಿ ಇಳಿದವು. ಜನ ಎರಡನ್ನೂ ಒಂದೇ ಎಂದುಕೊಂಡರೆ ತಪ್ಪೇನಿದೆ?

ಕೆಳದಿಯ ಶಿವಪ್ಪನಾಯಕ ಅವರ ಕಾಲು ಕಿತ್ತ. 1652ರಿಂದ 1654ರ ಹೊತ್ತಿಗೆ ಗಂಗೊಳ್ಳಿ, ಬಸ್ರೂರು, ಹೊನ್ನಾವರ, ಮಂಗಳೂರು ಎಲ್ಲ ಕೋಟೆಗಳೂ ಕೈಬಿಟ್ಟವು. ಸೈನಿಕರು ಹೋದರು, ಅವರ ಹಿಂದೆ ಪಾದ್ರಿಗಳೂ ಹೋದರು. ಉಳಿದವರು ಯಾರು? ಗೋವೆಯಿಂದ ಬಂದು ನೆಲೆಸಿದ್ದ ಕೊಂಕಣಿ ಕ್ರಿಶ್ಚಿಯನ್ನರು. ಬರ, ತೆರಿಗೆ, ಯುದ್ಧ, ಮತ ವಿಚಾರಣೆಯ ಕಾಟ ತಾಳಲಾರದೆ ಗಂಟುಮೂಟೆ ಕಟ್ಟಿ ಬಂದವರು. ಒಕ್ಕಲುತನ ಬಲ್ಲ ಜನ ಎಂದು ನಾಯಕರೂ ಇರಗೊಟ್ಟರು. ಗದ್ದೆ ಮಾಡಿಕೊಂಡು ಇದ್ದರು. ಆದರೆ ಮಗು ಹುಟ್ಟಿದರೆ ಜ್ಞಾನಸ್ನಾನ ಕೊಡುವವರಿಲ್ಲ, ಮದುವೆ ಮಾಡಿಸುವವರಿಲ್ಲ, ಸತ್ತವರಿಗೆ ಪ್ರಾರ್ಥನೆ ಹೇಳುವವರಿಲ್ಲ. ಇಗರ್ಜಿ ಇದ್ದಲ್ಲಿ ಮಾಡು ಕುಸಿದಿತ್ತು.

1678ರಲ್ಲಿ ಕೆಳದಿಯವರಿಗೂ ಪೋರ್ಚುಗೀಸರಿಗೂ ಒಂದು ಒಪ್ಪಂದವಾಯಿತು. ಮಂಗಳೂರಿನಲ್ಲಿ ಕೋಠಿ ಹಾಕಲು ಒಪ್ಪಿಗೆ. ಜೊತೆಗೆ ಮಿರ್ಜಾನ, ಚಂದಾವರ, ಹೊನ್ನಾವರ, ಭಟ್ಕಳ, ಕಲ್ಯಾಣಪುರಗಳಲ್ಲಿ ಇಗರ್ಜಿ ಕಟ್ಟಿಕೊಳ್ಳಲೂ ಒಪ್ಪಿಗೆ. ಪಟ್ಟಿ ಮತ್ತೊಮ್ಮೆ ಓದಿ. ಐದರಲ್ಲಿ ನಾಲ್ಕು ನಮ್ಮ ಈ ಮೂರು ತಾಲೂಕಿನವು! ಆಗ ಕೆಳದಿಯಲ್ಲಿ ಆಳುತ್ತಿದ್ದವಳು ರಾಣಿ ಚೆನ್ನಮ್ಮಾಜಿ. ಮುಂದೆ ಶಿವಾಜಿಯ ಮಗ ರಾಜಾರಾಮನಿಗೆ ಆಶ್ರಯ ಕೊಟ್ಟು ಔರಂಗಜೇಬನ ಕೋಪಕ್ಕೆ ಎದೆಕೊಟ್ಟವಳು. ಲಿಂಗಪೂಜೆ ಮಾಡುವ ರಾಣಿ ಶಿಲುಬೆಯವರಿಗೆ ಜಾಗ ಕೊಟ್ಟಳು. ಕಾಗದದಲ್ಲಿ ಒಪ್ಪಿಗೆ ಸಿಕ್ಕಿತು ಸರಿ, ಊರೂರಿಗೆ ಹೋಗುವ ಪಾದ್ರಿ ಎಲ್ಲಿ?

ಇಬ್ಬರು ಯಜಮಾನರ ನಡುವೆ

ವಾಜರಿಗೆ ಹೋಗಬೇಕಿದ್ದುದು ಸಿಲೋನಿಗೆ. ಅಲ್ಲಿ ಡಚ್ಚರು ಕಥೋಲಿಕ ಪಾದ್ರಿಗಳನ್ನು ಓಡಿಸಿ ವರ್ಷಗಳೇ ಆಗಿದ್ದವು. ಆ ಸುದ್ದಿ ಕೇಳಿ ಕೈ ಎತ್ತಿದರು. ಗೋವೆಯ ಹಿರಿಯರು ಅದನ್ನು ಬಿಟ್ಟು 1681ರಲ್ಲಿ ಕೆನರಾ ಮಿಶನ್ನಿನ ಮುಖ್ಯಸ್ಥರನ್ನಾಗಿ ಇತ್ತ ಕಳಿಸಿದರು. ಕೇಳಿದ್ದು ಒಂದು, ಸಿಕ್ಕಿದ್ದು ಇನ್ನೊಂದು. ಟ್ರಾನ್ಸ್‌ಫರ್ ಆರ್ಡರ್ ಬಂದರೆ ನಾವಾದರೆ ತಿಂಗಳು ರಜೆ ಹಾಕಿ ಬೆಂಗಳೂರಿಗೆ ಓಡುತ್ತೇವೆ. ಇವರು ಹೊರಟು ಬಂದರು.

ಬಂದಲ್ಲಿ ಕಾದಿದ್ದು ಜಗಳ. ಪೋಪರು ಹಿಂದೆ ಪೋರ್ಚುಗಲ್ ರಾಜನಿಗೆ ಪೂರ್ವದೇಶಗಳ ಇಗರ್ಜಿಗಳ ಮೇಲೆ ಹಕ್ಕು ಕೊಟ್ಟಿದ್ದರು. ಅದಕ್ಕೆ ಪದ್ರುವಾದೋ ಎಂದು ಹೆಸರು. ಆಮೇಲೆ ರೋಮಿನವರೇ ಪ್ರೊಪಗಾಂದಾ ಎಂಬ ಬೇರೆ ಇಲಾಖೆ ಮಾಡಿ ತಮ್ಮದೇ ಬಿಶಪರನ್ನು ಕಳಿಸತೊಡಗಿದರು. ಹಾಗೆ ಬಂದವರು ಬಿಶಪ್ ತೋಮಾಸ್ ದ ಕಾಸ್ತ್ರೊ. ಅವರೂ ಗೋವೆಯ ದಿವಾಡಿಯವರೇ. ಮಂಗಳೂರಿನಲ್ಲಿ ಚೆನ್ನಮ್ಮಾಜಿ ಕೊಟ್ಟ ಜಾಗದಲ್ಲಿ 1680ರಲ್ಲಿ ಮಿಲಾಗ್ರಿಸ್ ಇಗರ್ಜಿ ಕಟ್ಟಿದವರು. ಗೋವೆಯವರು ಆ ಬಿಶಪರನ್ನು ಒಪ್ಪಲಿಲ್ಲ. ಬಿಶಪರು ಗೋವೆಯವರನ್ನು ಒಪ್ಪಲಿಲ್ಲ. ಒಬ್ಬರು ಕೊಟ್ಟ ಸಂಸ್ಕಾರ ಇನ್ನೊಬ್ಬರಿಗೆ ಸಲ್ಲದು ಎಂಬ ಸ್ಥಿತಿ. ಪಾಪ, ಗದ್ದೆ ಕೆಲಸದ ಜನ ಏನು ಮಾಡಬೇಕು? ತನ್ನ ಮದುವೆ ಮದುವೆಯೋ ಅಲ್ಲವೋ ಎಂದು ತಿಳಿಯದೆ ಒದ್ದಾಡಿದರು.

ವಾಜ್ ಪಾದ್ರಿಯ ಪರೀಕ್ಷೆ ಸುರುವಾದದ್ದು ಇಲ್ಲೇ. ಅವರು ಗೋವೆಯ ಕಡೆಯಿಂದ ಅಧಿಕಾರ ಹಿಡಿದು ಬಂದವರು. ಬಿಶಪರನ್ನು ಧಿಕ್ಕರಿಸಿದ್ದರೆ ಗೋವೆಯಲ್ಲಿ ಶಾಭಾಸ್ ಸಿಗುತ್ತಿತ್ತು. ಬಿಶಪರ ಕಡೆ ಹಾರಿದ್ದರೆ ರೋಮಿನಲ್ಲಿ ಹೆಸರು ಬರುತ್ತಿತ್ತು. ಎರಡನ್ನೂ ಮಾಡಲಿಲ್ಲ. ಬಿಶಪರ ಹತ್ತಿರ ಹೋಗಿ ಗೌರವ ಸಲ್ಲಿಸಿದರು. ಬಹಿರಂಗ ಬೈದಾಟಕ್ಕೆ ಇಳಿಯಲಿಲ್ಲ. ಯಾರ ಅಧಿಕಾರ ದೊಡ್ಡದೆಂದು ರೋಮ್ ತೀರ್ಮಾನಿಸುವ ತನಕ ಜನ ಸಂಸ್ಕಾರವಿಲ್ಲದೆ ಸಾಯಬಾರದು ಎಂಬುದೇ ಅವರ ನಿಲುವು. ಕಚ್ಚಾಟವನ್ನು ತಣ್ಣಗೆ ಮಾಡಿ ಕೆಲಸಕ್ಕೆ ಹೊರಟರು.

ಶಾಂತಿ ಮಾಡಿಸುವವರು ಧನ್ಯರು ಎಂಬುದು ಯೇಸು ಗುಡ್ಡದ ಮೇಲೆ ಮಾಡಿದ ಬೋಧನೆಯ ಸಾರದಲ್ಲಿ ಒಂದು. ಪುಲ್ಪಿಟ್ಟಿನ ಮೇಲೆ ನಿಂತು ಅದನ್ನು ಹೇಳುವುದು ಸುಲಭ. ಎರಡು ಪಾರ್ಟಿಯ ನಡುವೆ ನಿಂತು, ಎರಡೂ ಕಡೆಯಿಂದ ಅನುಮಾನದ ಕಣ್ಣು ಬೀಳುವಾಗ ಅದರಂತೆ ನಡೆಯುವುದು ಎಷ್ಟು ಕಷ್ಟ ಎಂದು ನಮ್ಮ ಪಂಚಾಯ್ತಿ ಮೆಂಬರರನ್ನು ಕೇಳಿ, ಹೇಳುತ್ತಾರೆ.

ಮೂರು ವರ್ಷದ ನಡಿಗೆ

1681ರಿಂದ 1684ರ ತನಕ ಹೊನ್ನಾವರ, ಗಂಗೊಳ್ಳಿ, ಬಸ್ರೂರು, ಕಲ್ಯಾಣಪುರ, ಮಂಗಳೂರು ಎಂದು ಅವರ ತಿರುಗಾಟ. ಇವತ್ತು ಬೆಳಕೆಯಲ್ಲಿ ಬಸ್ ಹತ್ತಿದವನು ಹೆದ್ದಾರಿಯಲ್ಲಿ ಕೂತಲ್ಲೇ ಕೂತು ಹೊನ್ನಾವರ ದಾಟಿ ಕುಮಟೆಯಲ್ಲಿ ಇಳಿಯುತ್ತಾನೆ. ಆಗ ಸೇತುವೆ ಇಲ್ಲ. ಶರಾವತಿ ಇರಲಿ, ಅಘನಾಶಿನಿ ಇರಲಿ, ತಾರಿ ದೋಣಿಗಾಗಿ ಕಾಯಬೇಕು. ಮಳೆಗಾಲದಲ್ಲಿ ಹೊಳೆ ಬಿಟ್ಟರೆ ಉಂಟು, ಬಿಡದಿದ್ದರೆ ಇಲ್ಲ. ಕಾಡು, ಕೆಸರು, ಉಂಬಳ, ಮಲೇರಿಯ ಜ್ವರ. ಅದರಲ್ಲಿ ಬರಿಗಾಲು.

ಮಾಡಿದ ಕೆಲಸ ಏನು? ಬಿದ್ದ ಇಗರ್ಜಿಗಳನ್ನು ರಿಪೇರಿ ಮಾಡಿಸಿದರು. ಚಿಕ್ಕ ಶಾಲೆಗಳನ್ನು ತೆರೆದರು. ಮಕ್ಕಳಿಗೆ ಜ್ಞಾನಸ್ನಾನ, ದೊಡ್ಡವರಿಗೆ ಪಾಪನಿವೇದನೆ, ಕಾಯಿಲೆಯವರ ಹತ್ತಿರ ಕೂತು ಪ್ರಾರ್ಥನೆ. ಇದೆಲ್ಲ ಪಾದ್ರಿಯಾದವನು ಮಾಡುವುದೇ ಎನ್ನಬಹುದು. ಇನ್ನೊಂದು ಕೆಲಸ ಮಾಡಿದರು, ಅದು ದೂರದೃಷ್ಟಿಯದು. ಊರೂರಲ್ಲಿ ಭಕ್ತರ ಸಂಘಗಳನ್ನು ಕಟ್ಟಿದರು. ಪಾದ್ರಿ ಬರದಿದ್ದರೂ ಜನ ಸೇರಬೇಕು, ಜಪಸರ ಹೇಳಬೇಕು, ಹಬ್ಬ ಮಾಡಬೇಕು, ಬಡವರನ್ನು ನೋಡಿಕೊಳ್ಳಬೇಕು. ಧರ್ಮ ಪಾದ್ರಿಯ ಜೋಳಿಗೆಯಲ್ಲಿ ಇರುವುದಲ್ಲ, ಜನರ ಮನೆಯಲ್ಲಿ ಇರತಕ್ಕದ್ದು ಎಂಬುದು ಅವರ ಲೆಕ್ಕ.

ಈ ಲೆಕ್ಕ ಎಷ್ಟು ಸರಿ ಎಂಬುದು ನೂರು ವರ್ಷ ಕಳೆದ ಮೇಲೆ ಗೊತ್ತಾಯಿತು. 1784ರಲ್ಲಿ ಟೀಪು ಸುಲ್ತಾನ ಕೆನರಾದ ಕ್ರಿಶ್ಚಿಯನ್ನರನ್ನು ಶ್ರೀರಂಗಪಟ್ಟಣಕ್ಕೆ ಸೆರೆ ಒಯ್ದಾಗ ಇಗರ್ಜಿಗಳು ನೆಲಸಮವಾದವು. 1799ರ ನಂತರ ಬದುಕಿ ಉಳಿದವರು ತಿರುಗಿ ಬಂದು ಮತ್ತೆ ಗದ್ದೆ ಹಿಡಿದರು, ಮತ್ತೆ ಇಗರ್ಜಿ ಕಟ್ಟಿದರು. ಕಲ್ಲು ಮಣ್ಣಿನ ಇಗರ್ಜಿ ಬಿದ್ದರೂ ಮನೆಯೊಳಗಿನ ಪ್ರಾರ್ಥನೆ ಬಿದ್ದಿರಲಿಲ್ಲ. ಅದರ ಪೂರ್ತಿ ಯಶಸ್ಸು ಒಬ್ಬ ವಾಜರಿಗೇ ಕಟ್ಟುವುದು ತಪ್ಪಾದೀತು. ತಲೆಮಾರುಗಳ ತಾಯಂದಿರು ಕಾಪಾಡಿದ್ದು ಅದು. ಆದರೆ ಆ ತಾಯಂದಿರ ಅಜ್ಜಿಯರಿಗೆ ಪಾದ್ರಿ ಇಲ್ಲದ ದಿನಗಳಿಗೆ ತಯಾರಿ ಮಾಡಿಸಿದವರಲ್ಲಿ ವಾಜ್ ಒಬ್ಬರು.

ಜಾತಿಯ ಗೋಡೆ

1684ರಲ್ಲಿ ಗೋವೆಗೆ ವಾಪಸಾದರು. ಅಲ್ಲಿ ಪವಾಡದ ಪವಿತ್ರ ಶಿಲುಬೆಯ ಇಗರ್ಜಿಯಲ್ಲಿ ಕೆಲವು ಗೋವೆಯ ಪಾದ್ರಿಗಳು ಕೂಡಿ ಬಾಳತೊಡಗಿದ್ದರು. ವಾಜ್ 1685ರಲ್ಲಿ ಅವರೊಡನೆ ಸೇರಿದರು, ಅವರೇ ಮುಖ್ಯಸ್ಥರಾಗಿ ಆರಿಸಲ್ಪಟ್ಟರು. ರೋಮಿನ ಸಂತ ಫಿಲಿಪ್ ನೇರಿಯ ಓರೇಟರಿ ಸಂಘದ ನಿಯಮಗಳನ್ನು ಹಿಡಿದರು. ಏಷ್ಯಾದ ಮೂಲನಿವಾಸಿ ಪಾದ್ರಿಗಳು ತಾವೇ ಕಟ್ಟಿ ನಡೆಸಿದ ಮೊದಲ ಧಾರ್ಮಿಕ ಸಂಘಗಳಲ್ಲಿ ಇದು ಒಂದು. ಬಿಳಿಯರ ಮಠದ ಬಾಗಿಲು ಮುಚ್ಚಿದ್ದರೆ ನಮ್ಮದೇ ಮನೆ ಕಟ್ಟೋಣ ಎಂಬ ಧೈರ್ಯ.

ಇಲ್ಲಿ ಒಂದು ಮಾತು ಹೇಳದೆ ಹೋದರೆ ಲೇಖನಕ್ಕೆ ಕಳಂಕ. ಆ ಸಂಘದಲ್ಲಿದ್ದವರು ಬ್ರಾಹ್ಮಣ ಮೂಲದ ಗೋವೆ ಪಾದ್ರಿಗಳು. ಬೇರೆ ಜಾತಿಯವರಿಗೆ ಬಹಳ ಕಾಲ ಅದರೊಳಗೆ ಜಾಗವಿರಲಿಲ್ಲ. ದೇವರ ಮುಂದೆ ಎಲ್ಲರೂ ಒಂದೇ ಎನ್ನುವ ಧರ್ಮಕ್ಕೆ ಬಂದವರು ಜಾತಿಯ ಗಂಟನ್ನು ಮಾತ್ರ ಹೊಳೆ ದಾಟಿಸಿಕೊಂಡೇ ತಂದಿದ್ದರು. ಬಿಳಿಯರು ತಮಗೆ ಮಾಡಿದ್ದನ್ನು ತಾವು ಇನ್ನೊಬ್ಬರಿಗೆ ಮಾಡಿದರು. ಸಂತರ ಕಥೆ ಬರೆಯುವವರು ಇದನ್ನು ಮೆಲ್ಲಗೆ ಹಾರಿಸುತ್ತಾರೆ. ಹಾರಿಸಬೇಕಾದ್ದಿಲ್ಲ. ಸಂಘದ ಗೋಡೆ ಹಾಗಿತ್ತು, ಆದರೆ ವಾಜ್ ತಮ್ಮ ಉಳಿದ ಆಯುಷ್ಯವನ್ನು ಕಳೆದದ್ದು ಆ ಗೋಡೆಯ ಹೊರಗೆ, ಯಾವ ಜಾತಿಯವರೂ ಮುಟ್ಟದವರನ್ನು ಮುಟ್ಟುತ್ತ. ಎರಡನ್ನೂ ಒಟ್ಟಿಗೆ ನೋಡಿದರೇನೇ ಮನುಷ್ಯ ಪೂರ್ತಿ ಕಾಣುತ್ತಾನೆ.

ಭಿಕ್ಷುಕನ ವೇಷ

ಮುಖ್ಯಸ್ಥನ ಗಾದಿ ಹಿಡಿದು ಕೂತಿದ್ದರೆ ಗೋವೆಯಲ್ಲಿ ಸುಖವಾಗಿರಬಹುದಿತ್ತು. ವರ್ಷದೊಳಗೆ ಅದನ್ನು ಬಿಟ್ಟರು. 1686ರಲ್ಲಿ ಹೊರಟು, ಕರಾವಳಿ ಹಿಡಿದು ದಕ್ಷಿಣಕ್ಕೆ ಇಳಿದು, ತೂತುಕುಡಿ ಮುಟ್ಟಿದರು. ಅಲ್ಲಿಂದ 1687ರಲ್ಲಿ ಸಿಲೋನ್. ಜೊತೆಗಿದ್ದವನು ಜುವಾಂವ್ ಎಂಬ ನಿಷ್ಠಾವಂತ ಸೇವಕ. ಕೊನೆತನಕ ಬಿಡದೆ ನಿಂತವನು.

ಡಚ್ಚರು 1656ರಲ್ಲಿ ಕೊಲಂಬೋವನ್ನೂ 1658ರಲ್ಲಿ ಜಾಫ್ನಾವನ್ನೂ ಪೋರ್ಚುಗೀಸರಿಂದ ಕಿತ್ತುಕೊಂಡಿದ್ದರು. ಅವರೂ ಕ್ರಿಶ್ಚಿಯನ್ನರೇ, ಆದರೆ ಕ್ಯಾಲ್ವಿನ್ ಪಂಥ. ಕಥೋಲಿಕ ಪಾದ್ರಿ ಸಿಕ್ಕಿದರೆ ಸೆರೆ. ಆದ್ದರಿಂದ ಪಾದ್ರಿ ನಿಲುವಂಗಿ ಕಳಚಿ, ಸೊಂಟಕ್ಕೊಂದು ಬಟ್ಟೆ ಸುತ್ತಿ, ಕೂಲಿಯವನಂತೆ ದಡ ಹತ್ತಿದರು. ದಾರಿಯಲ್ಲೇ ರಕ್ತಭೇದಿ ಹಿಡಿದು ಸಾಯುವ ಹಾಗಾಯಿತು. ಊರ ಹೊರಗೆ ಬಿದ್ದಿದ್ದ ಇವರಿಗೆ ಒಬ್ಬ ಹೆಂಗಸು ಗಂಜಿ ತಂದು ಕೊಟ್ಟು ಬದುಕಿಸಿದಳು ಎಂದು ಹೇಳುತ್ತಾರೆ. ಧರ್ಮ ಹೇಳಲು ಹೋದ ಪಾದ್ರಿಗೆ ಧರ್ಮ ಮಾಡಿ ತೋರಿಸಿದವಳು ಹೆಸರಿಲ್ಲದ ಆ ತಾಯಿ.

ಚೇತರಿಸಿಕೊಂಡು ಜಪಸರ ಕೊರಳಿಗೆ ಹಾಕಿಕೊಂಡು ಮನೆಮನೆಗೆ ಭಿಕ್ಷೆ ಬೇಡಿದರು. ಯಾವ ಮನೆಯವರು ಜಪಸರ ನೋಡಿ ಮುಖ ಅರಳಿಸುತ್ತಾರೆ ಎಂದು ಗಮನಿಸಿದರು. ಹಾಗೆ ಅಡಗಿದ್ದ ಕಥೋಲಿಕರನ್ನು ಒಬ್ಬೊಬ್ಬರನ್ನಾಗಿ ಪತ್ತೆ ಹಚ್ಚಿದರು. ಸಿಲ್ಲಾಲೈ ಎಂಬ ಹಳ್ಳಿ ಅವರ ಠಿಕಾಣಿಯಾಯಿತು. ರಾತ್ರಿ ಪೂಜೆ, ಬೆಳಗಾಗುವ ಮೊದಲು ಬೇರೆ ಊರು. ತಮಿಳು ಕಲಿತರು, ಆಮೇಲೆ ಸಿಂಹಳ ಕಲಿತರು. ಜನರ ಮಾತಿನಲ್ಲೇ ಪ್ರಾರ್ಥನೆ ಬರೆದುಕೊಟ್ಟರು. ಪಾದ್ರಿ ಇಲ್ಲದಾಗ ಪ್ರಾರ್ಥನೆ ನಡೆಸಲು ಊರ ಹಿರಿಯರನ್ನು ನೇಮಿಸಿದರು. ನಮ್ಮ ಕೆನರಾದಲ್ಲಿ ಕಲಿತ ಪಾಠ ಅಲ್ಲಿ ಉಪಯೋಗಕ್ಕೆ ಬಂತು.

1692ರಲ್ಲಿ ಬೆಟ್ಟ ಹತ್ತಿ ಕ್ಯಾಂಡಿಗೆ ಹೋದರು. ಅದು ಬೌದ್ಧ ರಾಜನ ಸ್ವತಂತ್ರ ರಾಜ್ಯ. ಪೋರ್ಚುಗೀಸರ ಗೂಢಚಾರ ಎಂದು ಒಬ್ಬ ಫ್ರೆಂಚ್ ಕ್ಯಾಲ್ವಿನ್ ಪಂಥದವನು ಚಾಡಿ ಹೇಳಿದ. ಸೆರೆಮನೆ. ಸೆರೆಯಲ್ಲೂ ಸುಮ್ಮನೆ ಕೂರದೆ ಹುಲ್ಲಿನ ಗುಡಿಸಲಿನಂಥ ಒಂದು ಪ್ರಾರ್ಥನಾ ಮಂದಿರ ಮಾಡಿಕೊಂಡರು. ಮೆಲ್ಲಮೆಲ್ಲಗೆ ಜನ ಬರತೊಡಗಿದರು. ಬರಗಾಲದಲ್ಲಿ ಅವರು ಪ್ರಾರ್ಥನೆ ಮಾಡಿದಾಗ ಮಳೆ ಬಂತು ಎಂಬ ಕಥೆ ಶ್ರೀಲಂಕಾದಲ್ಲಿ ಈಗಲೂ ಜನಜನಿತ. ನಂಬುವುದು ಬಿಡುವುದು ಓದುಗರಿಗೆ ಬಿಟ್ಟದ್ದು. ರಾಜ ಎರಡನೇ ವಿಮಲಧರ್ಮಸೂರ್ಯ ಅವರನ್ನು ಬಿಟ್ಟು, ರಾಜ್ಯದಲ್ಲಿ ಓಡಾಡಲು ಅನುಮತಿ ಕೊಟ್ಟದ್ದು ಇತಿಹಾಸ.

ಇಲ್ಲಿ ಒಂದು ಕ್ಷಣ ನಿಂತು ಯೋಚಿಸಿ. ಕ್ರಿಶ್ಚಿಯನ್ ಡಚ್ಚರು ಬೇಟೆಯಾಡಿದರು, ಬೌದ್ಧ ರಾಜ ಜಾಗ ಕೊಟ್ಟ. ನಮ್ಮಲ್ಲಿ ಪದ್ರುವಾದೋ, ಪ್ರೊಪಗಾಂದಾ ಎಂದು ಕ್ರಿಶ್ಚಿಯನ್ನರೇ ಕಚ್ಚಾಡಿದರು, ವೀರಶೈವ ರಾಣಿ ಜಾಗ ಕೊಟ್ಟಳು. ರಾಜ್ಯಾಧಿಕಾರ ಬೆನ್ನಿಗಿದ್ದ ಗೋವೆಯಲ್ಲಿ ಇನ್‌ಕ್ವಿಜಿಶನ್ ಬೆಳೆಯಿತು. ರಾಜ್ಯಾಧಿಕಾರ ಇಲ್ಲದ ಕಡೆ ವಾಜ್ ಬೆಳೆದರು. ಇದರಲ್ಲಿ ಎಲ್ಲ ಮತದವರಿಗೂ ಪಾಠ ಉಂಟು.

ಸಿಡುಬು ಬಂದಾಗ

1697ರಲ್ಲಿ ಕ್ಯಾಂಡಿಗೆ ಸಿಡುಬು ಬಡಿಯಿತು. ನಮ್ಮ ಕಡೆ ಅದನ್ನು ಅಮ್ಮ ಎನ್ನುತ್ತಿದ್ದರು. ಭಾರತದಲ್ಲಿ 1975ರಲ್ಲಿ ಕೊನೆಯಾಗಿ, 1980ರಲ್ಲಿ ಲೋಕದಿಂದಲೇ ಹೋಯಿತು ಎಂದು ಸಾರಲಾಯಿತು. ಹಾಗಾಗಿ ಈಗಿನ ಹುಡುಗರಿಗೆ ಅದರ ಭಯ ತಿಳಿಯದು. ಅಜ್ಜ ಅಜ್ಜಿಯರನ್ನು ಕೇಳಬೇಕು. ಮನೆಯವರೇ ಮನೆಯವರನ್ನು ಬಿಟ್ಟು ಓಡುವ ಕಾಯಿಲೆ ಅದು. ಕ್ಯಾಂಡಿಯಲ್ಲೂ ಹಾಗೇ ಆಯಿತು. ಸಿರಿವಂತರು ಓಡಿದರು, ರಾಜನೂ ರಾಜಧಾನಿ ಬಿಟ್ಟ. ಕಾಯಿಲೆಯವರನ್ನು ಕಾಡಿನ ಅಂಚಿಗೆ ಹಾಕಿ ಬಂದರು.

ವಾಜ್ ಓಡಲಿಲ್ಲ. ಆಗಷ್ಟೇ ಗೋವೆಯಿಂದ ಬಂದಿದ್ದ ಅವರ ಸಂಬಂಧಿ ಪಾದ್ರಿ ಜೋಸೆಫ್ ಕರ್ವಾಲ್ಹೊ ಅವರೂ ನಿಂತರು. ಖಾಲಿ ಬಿದ್ದ ಮನೆಗಳನ್ನು ಆಸ್ಪತ್ರೆ ಮಾಡಿದರು, ಗುಡಿಸಲು ಹಾಕಿದರು. ಬೀದಿಯಲ್ಲಿ ಬಿದ್ದವರನ್ನು ಹೊತ್ತು ತಂದರು. ಕೀವು ಒರೆಸಿದರು, ಗಂಜಿ ಕುಡಿಸಿದರು. ಸತ್ತವರಿಗೆ ಗುಂಡಿ ತೋಡಿ ಮಣ್ಣು ಮಾಡಿದರು. ಬೌದ್ಧನೋ, ಕಥೋಲಿಕನೋ, ಯಾವ ಜಾತಿಯವನೋ ಎಂದು ಕೇಳಲಿಲ್ಲ. ಲಸಿಕೆ ಇಲ್ಲ, ಮದ್ದಿಲ್ಲ. ಎಡ್ವರ್ಡ್ ಜೆನ್ನರ್ ಲಸಿಕೆ ಕಂಡುಹಿಡಿಯಲು ಇನ್ನೂ ತೊಂಬತ್ತೊಂಬತ್ತು ವರ್ಷ ಬಾಕಿ ಇತ್ತು.

ಕ್ರೈಸ್ತ ಜೀವನದೃಷ್ಟಿಯ ತಿರುಳು ಇಲ್ಲಿದೆ ಎನ್ನಬಹುದು. ಮನುಷ್ಯ ದೇವರ ರೂಪದಲ್ಲಿ ಆದವನು ಎಂದು ಬೈಬಲಿನ ಮೊದಲ ಪುಸ್ತಕ ಹೇಳುತ್ತದೆ. ಹಸಿದವನಿಗೆ ಕೊಟ್ಟದ್ದು, ಕಾಯಿಲೆಯವನನ್ನು ನೋಡಿಕೊಂಡದ್ದು ತನಗೇ ಮಾಡಿದ್ದು ಎಂದು ಯೇಸು ತಿಳಿಸಿದ್ದಾರೆ. ಇದನ್ನು ನಂಬುತ್ತೇನೆ ಎಂದು ಯಾರೂ ಹೇಳಬಹುದು, ನಾಲಿಗೆಗೆ ಏನು ಖರ್ಚು? ಕೀವು ತುಂಬಿದ ಮುಖದಲ್ಲಿ ದೇವರ ರೂಪ ಕಂಡು ಅದನ್ನು ತೊಳೆಯಲು ಕೂರುವವನೇ ನಂಬಿದವನು. 2020ರಲ್ಲಿ ಕೊರೊನಾ ಬಂದಾಗ ನೆಂಟರ ಹೆಣ ಮುಟ್ಟಲು ಎಷ್ಟು ಜನ ಮುಂದೆ ಬಂದರು ಎಂದು ನೆನಪಿಸಿಕೊಳ್ಳಿ. ಬಂದ ಕೆಲವರ ಜಾತಿ ಮತ ಯಾವುದು ಎಂದು ಆಗ ಯಾರೂ ಕೇಳಲಿಲ್ಲ. ಆ ಕೆಲವರು ವಾಜರ ಹೆಸರು ಕೇಳಿರಲಿಕ್ಕಿಲ್ಲ, ಆದರೂ ಅವರ ಬಳಗದವರೇ.

ಪದವಿ ಬೇಡ

ಸಿಡುಬು ಇಳಿದ ಮೇಲೆ ಜನರ ಮನಸ್ಸಿನಲ್ಲಿ ಆ ಪಾದ್ರಿಗೆ ಬೇರೆಯೇ ಜಾಗ. ಗೋವೆಯಿಂದ ಇನ್ನಷ್ಟು ಪಾದ್ರಿಗಳು ಬಂದರು. 1705ರಲ್ಲಿ ಬಂದ ಜಾಕೊಮೆ ಗೊನ್ಸಾಲ್ವಿಸ್ ಸಿಂಹಳದಲ್ಲಿ ಪುಸ್ತಕ ಬರೆದು, ಆ ಭಾಷೆಯ ಕಥೋಲಿಕ ಸಾಹಿತ್ಯಕ್ಕೆ ತಳಪಾಯ ಹಾಕಿದರು. ವಾಜರನ್ನು ಬಿಶಪ್ ಮಾಡುವ ಮಾತು ರೋಮಿನ ಪ್ರತಿನಿಧಿಯ ಕಡೆಯಿಂದ ಬಂತು. ವಾಜ್ ಒಲ್ಲೆ ಎಂದರು. ಬಿಶಪ್ ಎಂಬ ಹೆಸರಿಗಾಗಿ ಎರಡು ಪಾರ್ಟಿ ಹೇಗೆ ಬಡಿದಾಡುತ್ತವೆ ಎಂದು ಮಂಗಳೂರಿನಲ್ಲಿ ಕಣ್ಣಾರೆ ನೋಡಿದ್ದವರು ಅವರು.

1711ರ ಜನವರಿ 16ರಂದು ಕ್ಯಾಂಡಿಯಲ್ಲಿ ತೀರಿಕೊಂಡರು. ವಯಸ್ಸು 59. ಸಿಲೋನಿಗೆ ಕಾಲಿಟ್ಟು ಇಪ್ಪತ್ತನಾಲ್ಕನೇ ವರ್ಷ ನಡೆಯುತ್ತಿತ್ತು, ನಡುವೆ ಒಮ್ಮೆಯೂ ತಾಯಿನಾಡಿಗೆ ಬರಲಿಲ್ಲ. ಹೋದಾಗ ಆ ದ್ವೀಪದಲ್ಲಿ ಒಬ್ಬ ಪಾದ್ರಿಯೂ ಬಹಿರಂಗವಾಗಿ ಇರುವಂತಿರಲಿಲ್ಲ. ಸಾಯುವಾಗ ಕಥೋಲಿಕರ ಸಂಖ್ಯೆ ಸುಮಾರು 70,000 ಎಂಬುದು ಅಂದಾಜು. ಅವರ ಗೋರಿಯ ಗುರುತೂ ಉಳಿಯಲಿಲ್ಲ. ಚಪ್ಪಲಿ ಬಿಟ್ಟವನು ಗೋರಿಯನ್ನೂ ಬಿಟ್ಟ ಎನ್ನೋಣವೇ?

1995ರ ಜನವರಿ 21ರಂದು ಪೋಪ್ ಎರಡನೇ ಜಾನ್ ಪಾಲ್ ಕೊಲಂಬೋದಲ್ಲಿ ಅವರನ್ನು ಧನ್ಯರ ಪಟ್ಟಿಗೆ ಸೇರಿಸಿದರು. ಸತ್ತು 284 ವರ್ಷಕ್ಕೆ. ಸಂತರಾಗಲು ಇನ್ನೂ ಇಪ್ಪತ್ತು ವರ್ಷ ಹಿಡಿಯಿತು. ಸರಕಾರಿ ಫೈಲಿಗಿಂತ ಇದು ನಿಧಾನ ಎಂದು ನಗಬೇಡಿ. ಮನುಷ್ಯ ಸಂತನಾಗಿದ್ದು 1697ರಲ್ಲೇ, ಸರ್ಟಿಫಿಕೇಟು ಬಂದದ್ದು ಮಾತ್ರ ತಡ.

ನಮಗೇನು?

ಓದುಗರಲ್ಲಿ ಕೆಲವರು ಕೇಳಬಹುದು. ಮತ ಬೆಳೆಸಲು ಹೋದವನ ಕಥೆ ನಮಗ್ಯಾಕೆ ಎಂದು. ಪ್ರಶ್ನೆ ನ್ಯಾಯವೇ. ವಾಜ್ ಮತ ಬೋಧಿಸಿದವರು ಹೌದು, ಅದನ್ನು ಮುಚ್ಚಿಡುವುದು ಬೇಡ. ಆದರೆ ಅವರ ಬೆನ್ನಿಗೆ ಫಿರಂಗಿ ಇರಲಿಲ್ಲ, ಕೈಯಲ್ಲಿ ದುಡ್ಡಿನ ಚೀಲ ಇರಲಿಲ್ಲ, ನಾಲಿಗೆಯಲ್ಲಿ ಬೇರೆಯವರ ದೇವರನ್ನು ಬೈಯುವ ಚಟ ಇತ್ತೆಂದು ಯಾರೂ ಬರೆದಿಲ್ಲ. 1542ರಲ್ಲಿ ಭಟ್ಕಳ ಸುಟ್ಟವರೂ ಶಿಲುಬೆಯವರೇ, 1681ರಲ್ಲಿ ಹೊನ್ನಾವರಕ್ಕೆ ಬರಿಗಾಲಲ್ಲಿ ಬಂದವನೂ ಶಿಲುಬೆಯವನೇ. ಒಂದೇ ಪುಸ್ತಕ ಓದಿದವರು. ಪುಸ್ತಕ ಒಂದೇ ಆದರೂ ಬಾಳು ಎರಡಾಯಿತು. ಯಾವ ಮತದ ಬಗ್ಗೆಯಾದರೂ ತೀರ್ಪು ಕೊಡುವ ಮೊದಲು, ಇಬ್ಬರಲ್ಲಿ ಯಾರನ್ನು ನೋಡಿ ತೀರ್ಪು ಕೊಡುತ್ತಿದ್ದೇವೆ ಎಂದು ನಮ್ಮನ್ನು ನಾವೇ ಕೇಳಿಕೊಂಡರೆ ಈ ಕರಾವಳಿಯ ಅರ್ಧ ಗಲಾಟೆ ಕಡಿಮೆಯಾದೀತು.

ಕ್ರಿಶ್ಚಿಯನ್ ಬಾಂಧವರಿಗೂ ಒಂದು ಮಾತು. 1976ರಲ್ಲಿ ಕಾರವಾರ ಧರ್ಮಪ್ರಾಂತ್ಯವಾದ ಮೇಲೆ ನಮ್ಮ ಜಿಲ್ಲೆಗೆ ತನ್ನದೇ ಬಿಶಪರಿದ್ದಾರೆ. ಇಗರ್ಜಿಗಳಿಗೆ ಕೊರತೆ ಇಲ್ಲ, ಶಾಲೆಗಳಿವೆ. ವಾಜರ ಹೆಸರಿಗೆ ಇನ್ನೊಂದು ಮೂರ್ತಿ ನಿಲ್ಲಿಸುವುದು ದೊಡ್ಡ ಮಾತಲ್ಲ. ಜಗಳದ ನಡುವೆ ಮಧ್ಯಸ್ಥಿಕೆಗೆ ಹೋಗುವವರು, ಅಂಟುರೋಗಿಯ ಮನೆ ಬಾಗಿಲು ಬಡಿಯುವವರು, ಸಿಕ್ಕ ಪದವಿ ಬಿಟ್ಟು ಹೋಗುವವರು ಎಷ್ಟು ಜನ ಇದ್ದಾರೆ ಎಂದು ಎಣಿಸುವುದು ದೊಡ್ಡ ಮಾತು. ಅದೇ ಎಣಿಕೆಯನ್ನು ದೇವಸ್ಥಾನದ ಆಡಳಿತ ಸಮಿತಿಯವರೂ, ಮಸೀದಿಯ ಜಮಾತಿನವರೂ ಮಾಡಿಕೊಳ್ಳಬಹುದು. ಉತ್ತರ ಹೆಚ್ಚುಕಡಿಮೆ ಒಂದೇ ಬರುತ್ತದೆ ಎಂದು ನಮ್ಮ ಗುಮಾನಿ.

ಪ್ರತಿ ವರ್ಷ ಜನವರಿ 16 ಅವರ ಹಬ್ಬದ ದಿನ. ಆ ದಿನ ಚಂದಾವರದಲ್ಲಿ ಜಾತ್ರೆಯಾಗದಿದ್ದರೂ ಚಿಂತೆಯಿಲ್ಲ. ಊರಲ್ಲಿ ಯಾರೂ ಹೋಗಿ ನೋಡದ ಒಬ್ಬ ಕಾಯಿಲೆಯವನ ಮನೆಗೆ ಹೋಗಿ ಅರ್ಧ ಗಂಟೆ ಕೂತು ಬಂದರೆ ಸಾಕು. ವಾಜ್ ಪಾದ್ರಿ ಇದಕ್ಕಿಂತ ದೊಡ್ಡ ಹಬ್ಬವನ್ನು ಕೇಳುವ ಪೈಕಿ ಅಲ್ಲ.